ಇದರ ಬೆನ್ನು ತೋರಿಸು

ನಿವೃತ್ತಿಗೆ ನಾಲ್ಕು ದಿನ ಇರುವಾಗ ಚಿತ್ರಕಲಾ ಕೊಠಡಿಯ ಬೀರು ಖಾಲಿ ಮಾಡಲು ಕುಳಿತೆ. ಒಣಗಿದ ಪೋಸ್ಟರ್ ಬಣ್ಣದ ಶೀಶೆಗಳು, ಕೂದಲು ಉದುರಿದ ಕುಂಚಗಳು, ಪ್ರತಿಭಾ ಕಾರಂಜಿಯ ಹಳೆಯ ಪ್ರಮಾಣಪತ್ರಗಳು. ಎಲ್ಲಕ್ಕೂ ಕೆಳಗಿನ ಅರೆಯಲ್ಲಿ ಒಂದು ಚಪ್ಪಲಿ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಮೂವತ್ತೆಂಟು ಫ್ಲಾಪಿಗಳು.

ಹಳೆಯ ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಉಳಿಸಿಡುತ್ತಿದ್ದ ಫ್ಲಾಪಿಯನ್ನು ಈಗಿನ ಮಕ್ಕಳು ಕಂಡೇ ಇಲ್ಲ. ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ಚೌಕ, ಒಂದು ಅಂಚಿನಲ್ಲಿ ಸರಿಯುವ ಲೋಹದ ಬಾಗಿಲು. ಪ್ರತಿಯೊಂದರ ಮೇಲೂ ಚೀಟಿ ಅಂಟಿಸಿ ಮಗುವಿನ ಹೆಸರು, ತರಗತಿ, ತಾರೀಖು ಬರೆದಿದ್ದೆ. ಒಂದು ಫ್ಲಾಪಿಗೆ ಒಂದೇ ಚಿತ್ರ. ಆಗ ನಾವು ಬಳಸುತ್ತಿದ್ದ ಕಂಪ್ಯೂಟರಿನ ಪರದೆಯಲ್ಲಿ ಅಡ್ಡಕ್ಕೆ 800, ಉದ್ದಕ್ಕೆ 600 ಚುಕ್ಕಿಗಳು, ಒಟ್ಟು 4,80,000. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಜಾಗ. ಲೆಕ್ಕ ಹಾಕಿದರೆ 14,40,000 ಬೈಟ್. ಫ್ಲಾಪಿಯಲ್ಲಿ ಹಿಡಿಸುವುದು ಅದಕ್ಕಿಂತ ಒಂದು ಚಿಟಿಕೆ ಹೆಚ್ಚು, ಅಷ್ಟೇ. ಎರಡನೆಯ ಚಿತ್ರಕ್ಕೆ ಅಲ್ಲಿ ಜಾಗವಿರಲಿಲ್ಲ. ನನ್ನ ಸಂಬಳದಲ್ಲಿ ಬಾಗಲಕೋಟೆಯಿಂದ ಹತ್ತು ಹತ್ತರಂತೆ ಕೊಂಡು ತರುತ್ತಿದ್ದೆ.

ಅವನ್ನು ಓದುವ ಯಂತ್ರ ಈಗ ನಮ್ಮ ಶಾಲೆಯಲ್ಲಿಲ್ಲ. ಆದರೂ ನೆಲದ ಮೇಲೆ ಕುಳಿತು ಒಂದೊಂದೇ ಹೆಸರು ಓದುತ್ತಾ ಹೋದಂತೆ ಚಿತ್ರಗಳು ಕಣ್ಣೆದುರು ಬಂದವು. ಡಬ್ಬಿಯನ್ನು ಎಸೆಯಲು ಮನಸ್ಸಾಗಲಿಲ್ಲ. ಮನೆಗೆ ತಂದಿಟ್ಟುಕೊಂಡಿದ್ದೇನೆ. ಅದರ ನೆಪದಲ್ಲಿ ಇಷ್ಟು ವರ್ಷ ಮನಸ್ಸಿನಲ್ಲಿದ್ದುದನ್ನು ಬರೆಯುತ್ತಿದ್ದೇನೆ.

ನನ್ನ ಅಪ್ಪ ಗದಗದಲ್ಲಿ ಬೋರ್ಡ್ ಬರೆಯುತ್ತಿದ್ದರು. ಎನಾಮಲ್ ಬಣ್ಣ, ಟರ್ಪೆಂಟೈನ್ ಇವುಗಳ ವಾಸನೆಯಲ್ಲೇ ನಾನು ಬೆಳೆದದ್ದು. ದಾರಕ್ಕೆ ಸೀಮೆಸುಣ್ಣದ ಪುಡಿ ತಿಕ್ಕಿ, ಒಂದು ತುದಿಯನ್ನು ನಾನು ಹಿಡಿದು, ಇನ್ನೊಂದನ್ನು ಅವರು ಹಿಡಿದು ಟಪ್ ಎಂದು ಮೀಟಿದರೆ ತಗಡಿನ ಮೇಲೆ ನೇರ ಬಿಳಿ ಗೆರೆ ಬೀಳುತ್ತಿತ್ತು. ಅವರು ನನಗೆ ಕಲಿಸಿದ ಮೊದಲ ಪಾಠ: "ಒತ್ತಿಗೆ ಜಾಗ ಬಿಡವ್ವಾ." ಇಂಗ್ಲಿಷ್ ದೊಡ್ಡಕ್ಷರ ಎರಡು ಗೆರೆಗಳ ನಡುವೆ ತೆಪ್ಪಗೆ ಕುಳಿತುಕೊಳ್ಳುತ್ತದೆ. ಕನ್ನಡದ ಅಕ್ಷರ ಮೇಲಕ್ಕೂ ಕೆಳಕ್ಕೂ ಕೈಕಾಲು ಚಾಚುತ್ತದೆ. 'ವಸ್ತ್ರಾಲಯ' ಎಂದು ಬರೆಯುವಾಗ 'ಸ್ತ್ರಾ' ಒಂದಕ್ಕೇ ಮೂರು ಅಂತಸ್ತು ಬೇಕು. ಅದನ್ನು ಮೊದಲೇ ಎಣಿಸದವನು ಕೊನೆಗೆ ಒತ್ತನ್ನು ಅಂಗಡಿಯವನ ಫೋನ್ ನಂಬರಿನ ತಲೆಯ ಮೇಲೆ ಹೇರುತ್ತಾನೆ. ಗೆರೆ ಎಳೆಯುವ ಮೊದಲೇ ಇಡೀ ಬೋರ್ಡು ಕಣ್ಣಿನಲ್ಲಿರಬೇಕು ಎನ್ನುವುದನ್ನು ನಾನು ಕಲಿತದ್ದು ಅಲ್ಲಿ. ಆಮೇಲೆ ಕಲಾವಿದ ಟಿ.ಪಿ. ಅಕ್ಕಿಯವರು ಗದಗದಲ್ಲಿ ಕಟ್ಟಿದ ಚಿತ್ರಕಲಾ ಶಾಲೆ ವಿಜಯ ಕಲಾಮಂದಿರದಲ್ಲಿ ಕಲಿತೆ. 1994ರಲ್ಲಿ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಚಿತ್ರಕಲಾ ಶಿಕ್ಷಕಿಯಾಗಿ ಸೇರಿದೆ. ಆಗ ಆ ಊರು ಬಿಜಾಪುರ ಜಿಲ್ಲೆಯಲ್ಲಿತ್ತು. 1997ರಲ್ಲಿ ಜಿಲ್ಲೆ ಒಡೆದು ಬಾಗಲಕೋಟೆಗೆ ಸೇರಿತು.

ಚಿತ್ರಕಲಾ ಶಿಕ್ಷಕರ ಸ್ಥಿತಿ ಬಲ್ಲವರಿಗೆ ಗೊತ್ತು. ವೇಳಾಪಟ್ಟಿಯಲ್ಲಿ ನಮ್ಮ ಅವಧಿ ಎಲ್ಲಕ್ಕಿಂತ ಕೊನೆಗೆ, ಪರೀಕ್ಷೆ ಹತ್ತಿರ ಬಂದರೆ ಅದೂ ಗಣಿತಕ್ಕೆ. ಕಲೆ ಶಾಲೆಯ ಎಲ್ಲ ಹಂತಗಳಲ್ಲೂ ಒಂದು ವಿಷಯವಾಗಿ ಇರಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದಾಗ ಆ ಪುಟಗಳನ್ನು ಎರಡೆರಡು ಸಲ ಓದಿ ಸಂತೋಷಪಟ್ಟೆ. ನಾಲ್ಕೇ ವರ್ಷಕ್ಕೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳಿಗೆ, ಕಲೆಗೆಂದು ಅರೆಕಾಲಿಕ ಬೋಧಕರು ಎಂದಿತ್ತು. ಅರೆಕಾಲಿಕ ಎನ್ನುವ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನೋಡುವುದನ್ನು ಅರ್ಧ ಹೊತ್ತು ಕಲಿಸಲು ಹೇಗೆ ಸಾಧ್ಯ?

ಆ ಮೊದಲ ವರ್ಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಕ್ಕಳ ಹೆದರಿಕೆ. ಎಂಟನೆಯ ತರಗತಿಯ ಒಬ್ಬ ಹುಡುಗ ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಇಡೀ ಅವಧಿ ಸುಮ್ಮನೆ ಕುಳಿತಿದ್ದ. ಬಿಡಿಸಲು ಬಾರದವನಲ್ಲ, ಹೊರಗೆ ಮಣ್ಣಿನಲ್ಲಿ ಕಡ್ಡಿಯಿಂದ ಹೋರಿಯನ್ನು ಬರೆದದ್ದನ್ನು ನಾನೇ ನೋಡಿದ್ದೆ. ಏಕೆ ಬಿಡಿಸುತ್ತಿಲ್ಲ ಎಂದು ಕೇಳಿದರೆ, "ಅಕ್ಕೋರೇ, ಹಾಳೆ ಕೆಟ್ಟರೆ ಇನ್ನೊಂದಿಲ್ಲ" ಎಂದ. ಅವನ ಮನೆಯಲ್ಲಿ ಒಂದು ಹಾಳೆಯ ಬೆಲೆ ಎಂದರೆ ಒಂದು ಹೊತ್ತಿನ ಕಾಯಿಪಲ್ಲೆ. ಹಳೆಯ ಕ್ಯಾಲೆಂಡರುಗಳು, ಮದುವೆಯ ಪತ್ರಿಕೆಗಳು, ಏನೆಲ್ಲ ತಂದು ಹಂಚಿದೆ. ಆದರೆ ಕೆಡಿಸಬಾರದು ಎಂಬ ಭಯ ಬೆರಳಿನ ಒಳಗೆ ಹೋಗಿ ಕುಳಿತಿತ್ತು.

2001ರಲ್ಲಿ ಮಾಹಿತಿ ಸಿಂಧು ಯೋಜನೆ ಬಂತು. ರಾಜ್ಯದ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಎಂದಾಗ ನಮ್ಮ ಪಾಲಿಗೂ ಒಂದಿಷ್ಟು ಬಂದವು. ಕಂಪ್ಯೂಟರ್ ಕೋಣೆಗೆ ಪರದೆ ಕಟ್ಟಿದರು, ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡಬೇಕು ಎಂದರು. ಗಣಿತ, ವಿಜ್ಞಾನದವರಿಗೆ ಅವಧಿ ಹಂಚಿಕೆಯಾಯಿತು. ಚಿತ್ರಕಲೆಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಯಾರಿಗೂ ಅನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಒಂದು ಸಂಜೆ ಆಪರೇಟರ್ ಹುಡುಗ ಪೇಂಟ್ ಎನ್ನುವ ಚಿತ್ರ ಬಿಡಿಸುವ ತಂತ್ರಾಂಶ ತೆರೆದು ತೋರಿಸಿದ. ಒಂದು ಗೆರೆ ಎಳೆದ, ಅಳಿಸಿದ. ಹಾಳೆ ಮೊದಲಿನಂತೆ ಬೆಳ್ಳಗೆ. ಮಣ್ಣಿನಲ್ಲಿ ಹೋರಿ ಬರೆದಿದ್ದ ಹುಡುಗನ ನೆನಪಾಯಿತು. ಅವನು ಅಷ್ಟರಲ್ಲಿ ಶಾಲೆ ಬಿಟ್ಟು ಬಹಳ ದಿನವಾಗಿತ್ತು.

ಮರುದಿನವೇ ಮುಖ್ಯೋಪಾಧ್ಯಾಯರ ಬಳಿ ಹೋಗಿ ಶನಿವಾರದ ಮಧ್ಯಾಹ್ನ ಕೇಳಿದೆ. ಅರ್ಧ ದಿನದ ಶಾಲೆ ಮುಗಿದ ಮೇಲೆ, ಬರುವ ಮಕ್ಕಳು ಬರಲಿ. ಅವರು ಬಹಳ ಹೊತ್ತು ಯೋಚಿಸಿ ಕೀಲಿ ಕೊಟ್ಟರು: "ಒಂದು ಕೆಟ್ಟರೂ ನೀವೇ ಜವಾಬ್ದಾರಿ." ಕೆಡಿಸಬಾರದು ಎಂಬ ಭಯ ದೊಡ್ಡವರಲ್ಲೂ ಇತ್ತು.

ಮೌಸಿನಲ್ಲಿ ಗೆರೆ ಎಳೆಯುವುದೆಂದರೆ ಸಾಬೂನಿನ ತುಂಡು ಹಿಡಿದು ಬರೆದ ಹಾಗೆ. ಜಿಲ್ಲಾಮಟ್ಟದಲ್ಲಿ ಬಹುಮಾನ ತಂದ ಹುಡುಗಿಯ ಗೆರೆಯೂ ನಡುಗಿತು, 'ಕೈ ಓಡುವುದಿಲ್ಲ' ಎಂದು ಎಲ್ಲರೂ ಬದಿಗೆ ತಳ್ಳಿದ್ದವನ ಗೆರೆಯೂ ನಡುಗಿತು. ಆ ಕೋಣೆಯಲ್ಲಿ ಎಲ್ಲರೂ ಒಂದೇ ಮೆಟ್ಟಿಲಿನಿಂದ ಏರಬೇಕಾಯಿತು. ಮೊದಲ ತಿಂಗಳಲ್ಲಿ ಒಂದೂ ಒಳ್ಳೆಯ ಚಿತ್ರ ಬರಲಿಲ್ಲ. ನನಗೆ ಬೇಸರವಾಗಲಿಲ್ಲ, ಏಕೆಂದರೆ ಮಕ್ಕಳು ನಗುತ್ತಾ ಕೆಡಿಸುತ್ತಿದ್ದರು.

ಬಣ್ಣ ಸುರಿಯುವ ಬಕೆಟ್ಟಿನ ಕಥೆಯನ್ನು ಹೇಳಲೇಬೇಕು. ಗೆರೆಯಿಂದ ಸುತ್ತುವರಿದ ಆಕಾರದೊಳಗೆ ಬಕೆಟ್ ಇಟ್ಟು ಒತ್ತಿದರೆ ಆ ಜಾಗ ತುಂಬುತ್ತದೆ. ಒಬ್ಬ ಹುಡುಗ ಎತ್ತನ್ನು ಬಿಡಿಸಿ ಕಂದು ಬಣ್ಣ ಸುರಿದ. ಎತ್ತು, ಹೊಲ, ಆಕಾಶ ಎಲ್ಲವೂ ಒಮ್ಮೆಗೇ ಕಂದಾದವು. ಯಂತ್ರ ಕೆಟ್ಟಿತು ಎಂದು ಹೆದರಿ ಕೈ ಹಿಂದಕ್ಕೆಳೆದುಕೊಂಡ. ಎಲ್ಲೋ ಗೆರೆ ಕೂಡಿಲ್ಲ, ಹುಡುಕು ಎಂದೆ. ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿ ಕೊಂಬಿನಿಂದ ಬಾಲದವರೆಗೆ ಅಂಚಿನ ಗುಂಟ ನೋಡುತ್ತಾ ಹೋದೆವು. ಹಿಂಗಾಲಿನ ಗೊರಸಿನ ಬಳಿ ಒಂದೇ ಒಂದು ಚುಕ್ಕಿಯಷ್ಟು ಸಂದು. "ಬದು ಒಡೆದಿದೆ, ಅಕ್ಕೋರೇ. ನೀರು ಇಲ್ಲಿಂದಲೇ ಹೋಗಿದ್ದು" ಎಂದ. ಹೊಲದ ಒಡ್ಡಿನಲ್ಲಿ ಇಲಿ ತೋಡಿದ ತೂತನ್ನು ಹುಡುಕಿ ಗೊತ್ತಿದ್ದ ಹುಡುಗ. ಒಂದು ಎತ್ತಿನ ಹೊರಗೆರೆಯನ್ನು ಅಷ್ಟು ಹತ್ತಿರದಿಂದ ಅವನು ಕಾಗದದ ಮೇಲೆ ಎಂದೂ ನೋಡಿರಲಿಲ್ಲ. ಗೊರಸು ಸೀಳಿರುತ್ತದೆ, ಅದನ್ನು ಬಿಡಿಸಲೇ ಇಲ್ಲ ಎಂಬುದು ಅವನಿಗೆ ಆಗಲೇ ಹೊಳೆದದ್ದು.

ಆ ಕಾಲದ ಪೇಂಟ್‌ನಲ್ಲಿ ಮಾಡಿದ್ದನ್ನು ಮೂರೇ ಸಲ ಹಿಂದಕ್ಕೆ ಪಡೆಯಬಹುದಿತ್ತು. ನಾಲ್ಕನೆಯ ತಪ್ಪು ಅಲ್ಲೇ ಉಳಿಯುತ್ತಿತ್ತು. ಈಗಿನ ತಂತ್ರಾಂಶಗಳಲ್ಲಿ ನೂರು ಹೆಜ್ಜೆಯಾದರೂ ಹಿಂದಕ್ಕೆ ಹೋಗಬಹುದು. ಆದರೆ ಮಗುವಿಗೆ ಮೂರು ಸಾಕು ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಮೂರು ಸಲ ಧೈರ್ಯ ಕೊಡುತ್ತದೆ. ನಾಲ್ಕನೆಯ ಸಲಕ್ಕೆ ತಪ್ಪಿನೊಂದಿಗೇ ಮುಂದೆ ಹೋಗುವುದನ್ನು ಕಲಿಸುತ್ತದೆ.

ಆ ಶನಿವಾರಗಳಲ್ಲಿ ಒಮ್ಮೆ, 2006 ಇರಬೇಕು, ಒಬ್ಬ ಹುಡುಗಿ ಚಿತ್ರವನ್ನು ಹಿಗ್ಗಿಸಿ ಚುಕ್ಕಿಗಳ ನಡುವೆ ಚೌಕಳಿ ಕಾಣುವ ಹಾಗೆ ಮಾಡಿಕೊಂಡಿದ್ದಳು. ಪರದೆಯ ತುಂಬ ಸಣ್ಣ ಸಣ್ಣ ಮನೆಗಳು. ನೋಡುತ್ತಾ ಇದ್ದವಳು, "ಇದು ನಮ್ಮ ಅಜ್ಜಿ ಎಳೆ ಎಣಿಸುವ ಹಾಗೆಯೇ ಇದೆ" ಎಂದಳು. ನನ್ನ ಮೈ ಜುಮ್ಮೆಂದಿತು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ತೇರು, ಗೋಪುರ, ಆನೆ, ನವಿಲು ಹುಟ್ಟುತ್ತವೆ. ಕಂಪ್ಯೂಟರಿನ ಚುಕ್ಕಿಯ ಚಿತ್ರ ನಡೆಯುವುದೂ ಅದೇ ಲೆಕ್ಕದಲ್ಲಿ. ನಮ್ಮ ಊರಿನ ಹೆಂಗಸರು ಇಳಕಲ್ ಸೀರೆಯ ಮೇಲೆ, ಕೂಸಿನ ತಲೆಗೆ ಹಾಕುವ ಕುಂಚಿಗೆಯ ಮೇಲೆ ಮಾಡುತ್ತಾ ಬಂದದ್ದನ್ನೇ ಆ ಪೆಟ್ಟಿಗೆ ಮಾಡುತ್ತಿತ್ತು. ಮುಂದಿನ ವಾರ ನಿನ್ನ ಅಜ್ಜಿಯನ್ನು ಕರೆದುಕೊಂಡು ಬಾ ಎಂದೆ.

ಅಜ್ಜಿ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೋಣೆಗೆ ಕೈ ಮುಗಿದು ಒಳಗೆ ಬಂದರು. ಸೆರಗಿನಲ್ಲಿ ಸುತ್ತಿದ್ದ ಒಂದು ಕುಂಚಿಗೆಯನ್ನು ಬಿಡಿಸಿ ಮೇಜಿನ ಮೇಲೆ ಹಾಸಿದರು. ನಾಲ್ಕು ಹೊಲಿಗೆಗಳನ್ನು ಹೆಸರು ಹೇಳಿ ತೋರಿಸಿದರು: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿಯಲ್ಲಿ ದಾರ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹಿಡಿಯುತ್ತದೆ, ಮರಳಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಗಂಟು ಹಾಕುವ ಹಾಗಿಲ್ಲ. ಹೋದ ದಾರಿ ತಪ್ಪಿದರೆ ಮರಳಿ ಬರುವ ದಾರಿಯೇ ಇಲ್ಲ. ಮೊಮ್ಮಗಳು ತಾನು ಚೌಕಳಿಯಲ್ಲಿ ತುಂಬಿದ ತೇರನ್ನು ಪರದೆಯ ಮೇಲೆ ತೋರಿಸಿದಳು. ಅಜ್ಜಿ ಮೆಚ್ಚಿ ತಲೆ ತೂಗಿದರು. ಬಣ್ಣ ಚೆಂದ ಇದೆ ಎಂದರು. ಆಮೇಲೆ ಮಾನಿಟರಿನ ಹಿಂದಕ್ಕೆ ಬಾಗಿ ನೋಡಿ, "ಇದರ ಬೆನ್ನು ತೋರಿಸು" ಎಂದರು.

ಮಕ್ಕಳು ನಕ್ಕರು. ಅಜ್ಜಿ ನಗಲಿಲ್ಲ. ಕುಂಚಿಗೆಯನ್ನು ಮಗುಚಿ ಹಾಕಿದರು. ಗವಂತಿ, ಮುರ್ಗಿ ಹಾಕಿದ ಕಡೆ ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟು. ಯಾವುದು ಮೇಲು, ಯಾವುದು ಒಳಗು ಎಂದು ಹೇಳಲಾಗದು. "ಅಕ್ಕೋರೇ, ಹೆಣ್ಣು ನೋಡಲು ಬಂದವರು ಮೊದಲು ಕಸೂತಿಯ ಬೆನ್ನು ನೋಡುತ್ತಿದ್ದರು. ಹುಡುಗಿ ಹೇಗೆ ನಡೆದಳು ಎನ್ನುವುದು ಬೆನ್ನಿನಲ್ಲಿ ಗೊತ್ತಾಗುತ್ತದೆ" ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಕಾಗದದ ಮೇಲಿನ ಚಿತ್ರಕ್ಕೂ ಒಂದು ಬೆನ್ನು ಇರುತ್ತದೆ. ಅಳಿಸಿದ ಪೆನ್ಸಿಲ್ಲಿನ ತಗ್ಗು, ನೀರು ಹೆಚ್ಚಾಗಿ ಉಬ್ಬಿದ ಹಾಳೆ, ಬೆರಳಿನ ಕಲೆ. ಮೇಷ್ಟ್ರು ಓದುವುದು ಅದನ್ನೇ. ಪರದೆಯ ಚಿತ್ರ ಅದೆಲ್ಲವನ್ನೂ ನುಂಗಿ ನಯವಾಗಿ ನಿಲ್ಲುತ್ತದೆ. ಮುಂದಿನ ಶನಿವಾರದಿಂದಲೇ ಒಂದು ಕಟ್ಟುಪಾಡು ಮಾಡಿದೆ. ಹತ್ತು ನಿಮಿಷಕ್ಕೊಮ್ಮೆ ಚಿತ್ರವನ್ನು ಬೇರೆ ಬೇರೆ ಸಂಖ್ಯೆ ಕೊಟ್ಟು ಉಳಿಸಬೇಕು: ತೇರು 1, ತೇರು 2, ತೇರು 3. ಕೊನೆಗೆ ಎಲ್ಲವನ್ನೂ ಒಂದರ ಹಿಂದೆ ಒಂದು ತೆರೆದು ತೋರಿಸಬೇಕು. ಅಂಕ ಕೊಡುವುದು ಆ ಸಾಲಿಗೆ, ಕೊನೆಯ ಚಿತ್ರಕ್ಕೆ ಮಾತ್ರ ಅಲ್ಲ. ಅದಕ್ಕೆ ನಮ್ಮ ತರಗತಿಯಲ್ಲಿ ಬಿದ್ದ ಹೆಸರೇ 'ಬೆನ್ನು'. ವರ್ಷಗಳ ನಂತರ ಸೇರಿದ ಮಕ್ಕಳು ಆ ಹೆಸರು ಎಲ್ಲಿಂದ ಬಂತು ಎಂದು ಗೊತ್ತಿಲ್ಲದೆಯೇ, "ಮೇಡಂ, ನನ್ನ ಬೆನ್ನು ಇನ್ನೂ ಮುಗಿದಿಲ್ಲ" ಎನ್ನುತ್ತಿದ್ದರು. ಅಷ್ಟರಲ್ಲಿ ಅಕ್ಕೋರು ಹೋಗಿ ಮೇಡಂ ಆಗಿದ್ದೆ.

ಅದೇ ವರ್ಷಗಳಲ್ಲಿ ಗದಗದಲ್ಲಿ ಅಪ್ಪನ ಕೆಲಸ ಬತ್ತುತ್ತಿತ್ತು. ಫ್ಲೆಕ್ಸ್ ಬಂದಿತ್ತು. ಅಪ್ಪ ನಾಲ್ಕು ದಿನ ಕುಳಿತು ಬರೆಯುವ ಬೋರ್ಡನ್ನು ಯಂತ್ರ ಮಧ್ಯಾಹ್ನದೊಳಗೆ ಉಗುಳುತ್ತಿತ್ತು, ಕಾಲು ಭಾಗದ ಬೆಲೆಗೆ. ಮಗಳು ಶಾಲೆಯಲ್ಲಿ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದನ್ನು ಕಲಿಸುತ್ತಾಳೆ ಎಂದು ಅವರು ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ. ಆ ವಿಷಯ ನಮ್ಮಿಬ್ಬರ ನಡುವೆ ಊಟದ ತಟ್ಟೆಯ ಹಾಗೆ ಇರುತ್ತಿತ್ತು, ಇಬ್ಬರೂ ಮುಟ್ಟುತ್ತಿರಲಿಲ್ಲ. ಅವರ ಹೊಟ್ಟೆಗೆ ಹೊಡೆದ ಯಂತ್ರವನ್ನೇ ನಾನು ಮಕ್ಕಳ ಕೈಗೆ ಕೊಡುತ್ತಿದ್ದೇನೆಯೇ ಎಂಬ ಪ್ರಶ್ನೆ ಎಷ್ಟೋ ರಾತ್ರಿ ನನ್ನನ್ನು ಎಚ್ಚರವಾಗಿಟ್ಟಿದೆ.

2011ರ ಬೇಸಿಗೆಯಲ್ಲಿ ಅವರು ನಮ್ಮ ಮನೆಯಲ್ಲಿದ್ದರು. ನಾನು ಹೊಸದಾಗಿ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಕಲಿಯುತ್ತಿದ್ದೆ. ಅದು ಉಚಿತ, ಮಕ್ಕಳಿಗೆ ಪ್ರತಿ ಮಾಡಿಕೊಟ್ಟರೆ ಯಾರೂ ಕೇಳುವವರಿಲ್ಲ. ಫೋಟೋ ತಿದ್ದುವ ಗಿಂಪ್, ಮಕ್ಕಳಿಗೆಂದೇ ಮಾಡಿದ ಟಕ್ಸ್ ಪೇಂಟ್ ಕೂಡ ಹಾಗೆಯೇ. (ಟಕ್ಸ್ ಪೇಂಟ್‌ನಲ್ಲಿ ಸಿದ್ಧ ಚಿತ್ರಗಳ ಅಚ್ಚುಗಳಿವೆ; ಮೊದಲ ಆರು ತಿಂಗಳು ಅವನ್ನು ಮುಟ್ಟಬಾರದು ಎಂದು ನನ್ನ ತರಗತಿಯಲ್ಲಿ ನಿಯಮವಿತ್ತು. ಸಿದ್ಧ ಗಿಳಿ ಕೈಗೆ ಸಿಕ್ಕಿದ ಮಗು ಕಿಟಕಿಯಾಚೆಯ ಗಿಳಿಯನ್ನು ನೋಡುವುದಿಲ್ಲ.) ಇಂಕ್‌ಸ್ಕೇಪ್‌ನಲ್ಲಿ ಗೆರೆಯನ್ನು ಕೈಯಿಂದ ಎಳೆಯುವುದಕ್ಕಿಂತ ಅಲ್ಲಲ್ಲಿ ಚುಕ್ಕಿ ನೆಟ್ಟು, ಚುಕ್ಕಿಯಿಂದ ಹೊರಟ ಹಿಡಿಕೆಯನ್ನು ಜಗ್ಗಿ ಬಾಗಿಸುವುದೇ ಹೆಚ್ಚು. ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯೇ 1960ರ ದಶಕದಲ್ಲಿ ಕಾರಿನ ಮೈಯ ಬಾಗುಗಳಿಗಾಗಿ ಬಳಕೆಗೆ ತಂದ ಗಣಿತ ಅದು. ಅಪ್ಪನ ಹಳೆಯ ಬೋರ್ಡೊಂದರ ಫೋಟೋ ಇಟ್ಟುಕೊಂಡು ಅದರ 'ಕ' ಅಕ್ಷರದ ಮೇಲೆ ಚುಕ್ಕಿ ನೆಡುತ್ತಿದ್ದೆ. ಇಪ್ಪತ್ತು ಚುಕ್ಕಿ ನೆಟ್ಟರೂ ಅಕ್ಷರ ಕೊಂಕುತ್ತಿತ್ತು.

ಅಪ್ಪ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಬಹಳ ಹೊತ್ತು ನೋಡಿ, "ಇಷ್ಟೇಕೆ ಚುಕ್ಕಿ? ಕುಂಚ ಹೊರಳುವ ಕಡೆ ಮಾತ್ರ ಇಡು" ಎಂದರು. ಬೆರಳಿನಿಂದ ಪರದೆಯ ಮೇಲೆ ತೋರಿಸಿದರು: ತಲೆಕಟ್ಟು ಶುರುವಾಗುವಲ್ಲಿ ಒಂದು, ಹೊಟ್ಟೆ ಅತ್ಯಂತ ಹೊರಗೆ ಬಾಗಿದಲ್ಲಿ ಒಂದು, ತಳ ಮುಟ್ಟುವಲ್ಲಿ ಒಂದು. ಹಾಗೆಯೇ ಇಟ್ಟೆ. ಎಂಟು ಚುಕ್ಕಿಗೆ 'ಕ' ಎದ್ದು ನಿಂತಿತು, ಅವರ ಕೈಯ ಅದೇ ತುಂಬು ಹೊಟ್ಟೆಯ 'ಕ'. ಅಕ್ಷರ ವಿನ್ಯಾಸ ಮಾಡುವವರು ಇದನ್ನೇ ನಿಯಮವಾಗಿ ಪಾಲಿಸುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು: ಬಾಗಿನ ಕಟ್ಟಕಡೆಯ ಬಿಂದುವಿನಲ್ಲೇ ಚುಕ್ಕಿ ಇರಬೇಕು. ಅಪ್ಪ ಅದನ್ನು ಮೊಣಕೈಯಲ್ಲಿ ಕಲಿತಿದ್ದರು. ಅವತ್ತು ರಾತ್ರಿ ಊಟಕ್ಕೆ ಕುಳಿತಾಗ, "ಆ ಯಂತ್ರಕ್ಕೂ ಹೊರಳುವುದು ಗೊತ್ತು" ಎಂದಷ್ಟೇ ಹೇಳಿದರು. ನನಗೆ ಅಷ್ಟು ಸಾಕಾಗಿತ್ತು.

ಮರುವರ್ಷ ಅವರನ್ನು ಶಾಲೆಗೇ ಕರೆದುಕೊಂಡು ಹೋದೆ. ಒಂದು ವಾರ ಮಕ್ಕಳು ಅವರಿಂದ ಕುಂಚದಲ್ಲಿ ಅಕ್ಷರ ಬರೆಯುವುದನ್ನು ಕಲಿತರು, ಇನ್ನೊಂದು ವಾರ ಅದೇ ಅಕ್ಷರಗಳನ್ನು ಪರದೆಯಲ್ಲಿ ಎಬ್ಬಿಸಿದರು. ಕುಂಚ ಹಿಡಿದವರ ಚುಕ್ಕಿಗಳು ಸರಿಯಾದ ಜಾಗಕ್ಕೆ ಬೀಳುತ್ತಿದ್ದವು. ಆ ವಾರ ಗೈರುಹಾಜರಾದವರು ಇಪ್ಪತ್ತು ಚುಕ್ಕಿ ನೆಟ್ಟು ಒದ್ದಾಡಿದರು. ಯಂತ್ರ ಮೊದಲೋ ಕೈ ಮೊದಲೋ ಎಂದು ತರಬೇತಿಗಳಲ್ಲಿ ವಾದ ಎದ್ದಾಗಲೆಲ್ಲ ನಾನು ಈ ಎರಡು ವಾರಗಳನ್ನು ವಿವರಿಸುತ್ತಿದ್ದೆ.

ಬಾದಾಮಿ ನಮಗೆ ಹತ್ತಿರ. ಚಾಲುಕ್ಯರ ಮಂಗಳೇಶ ಮಾಡಿಸಿದ, 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಸೂರಿನ ಒಳಬಾಗಿನ ಮೇಲೆ ಮಾಸಿದ ವರ್ಣಚಿತ್ರಗಳಿವೆ. ಪ್ರವಾಸಕ್ಕೆ ಬಂದವರು ತಲೆಯೆತ್ತಿ ನೋಡದೆಯೇ ಹೋಗುತ್ತಾರೆ. ಮಕ್ಕಳು ತೆಗೆದ ಫೋಟೋಗಳನ್ನು ಶಾಲೆಗೆ ತ‌ಂದು ಗಿಂಪ್‌ನಲ್ಲಿ ಬೆಳಕು ನೆರಳಿನ ಅಂತರ ಹೆಚ್ಚಿಸಿದಾಗ ಕಂದು ಕಲೆಯೊಳಗಿಂದ ಒಂದು ತೋಳಿನ ಗೆರೆ ಮೂಡಿತು. ತರಗತಿ ಉಸಿರು ಬಿಗಿಹಿಡಿದು ನೋಡಿತು. ಒಬ್ಬ ಹುಡುಗ ಮಾತ್ರ, "ಇದು ಅಲ್ಲಿ ಇದ್ದದ್ದೋ, ನಾವು ಮಾಡಿದ್ದೋ?" ಎಂದು ಕೇಳಿದ. ನನ್ನ ಇಡೀ ನೌಕರಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ಮಗುವೂ ಕೇಳಿಲ್ಲ. ಮೂಲ ಫೋಟೋವನ್ನು ಪಕ್ಕದಲ್ಲೇ ತೆರೆದಿಟ್ಟು, ನಾವು ಮಾಡಿದ ಪ್ರತಿ ಬದಲಾವಣೆಯನ್ನೂ ಬರೆದಿಟ್ಟೆವು.

ಸ್ಮಾರ್ಟ್‌ಫೋನ್ ಮನೆಮನೆಗೆ ಬಂದ ಮೇಲೆ ಕಂಪ್ಯೂಟರ್ ಕೋಣೆಯ ಕೀಲಿಯ ಚಿಂತೆ ತಪ್ಪಿತು. 2017ರ ಜೂನ್‌ನಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ನಮ್ಮ ಕಡೆ ಮಕ್ಕಳು ಎರೆಮಣ್ಣಿನಲ್ಲಿ ಜೋಡಿ ಎತ್ತು ಮಾಡಿ ಪೂಜೆಗೆ ಇಡುತ್ತಾರೆ. ಆ ಎತ್ತುಗಳನ್ನು ನಡೆಸೋಣ ಎಂದೆ. ಸ್ಟೂಲನ್ನು ಮಗುಚಿಟ್ಟು, ಅದರ ಕಾಲುಗಳಿಗೆ ಫೋನನ್ನು ಬಟ್ಟೆಯಿಂದ ಬಿಗಿದೆವು. ಅಂಗಳದಲ್ಲಿ ಎತ್ತುಗಳನ್ನಿಟ್ಟು ಒಂದು ಬೆರಳು ಮುಂದೆ ಸರಿಸುವುದು, ಫೋಟೋ ತೆಗೆಯುವುದು. ಮತ್ತೆ ಸರಿಸುವುದು, ಮತ್ತೆ ಫೋಟೋ. ಒಂದು ಸೆಕೆಂಡಿಗೆ ಹನ್ನೆರಡು ಫೋಟೋ ಬೇಕು. ಹತ್ತು ಸೆಕೆಂಡಿಗೆ 120. ಒಬ್ಬಳು ಎಣಿಸುವವಳು, ಒಬ್ಬ ಸರಿಸುವವನು, ಒಬ್ಬ ಒತ್ತುವವನು. ಹತ್ತೂವರೆಗೆ ಶುರು ಮಾಡಿ ಮುಗಿಸುವಾಗ ಊಟದ ಗಂಟೆ ಹೊಡೆದಿತ್ತು. ನಡುವೆ ಒಂದು ಕೊಂಬು ಮುರಿಯಿತು.

ಸಂಜೆ ಫೋಟೋಗಳನ್ನು ಜೋಡಿಸಿ ಓಡಿಸಿದೆವು. ಎತ್ತುಗಳು ನಡೆದವು. ಚಪ್ಪಾಳೆ ಬಿತ್ತು. ಎರಡನೆಯ ಸಲ ಓಡಿಸಿದಾಗ ಹಿಂದೆ ಕುಳಿತಿದ್ದ ಹುಡುಗಿ, "ಮೇಡಂ, ನೆರಳು ನೋಡಿ" ಎಂದಳು. ಎತ್ತುಗಳು ಮುಂದೆ ಹೋಗುತ್ತಿದ್ದರೆ ಅವುಗಳ ನೆರಳು ಹೊರಳಿ, ಗಿಡ್ಡವಾಗಿ, ಹೊಟ್ಟೆಯ ಕೆಳಗೆ ಸೇರುತ್ತಿತ್ತು. ಮೂರನೆಯ ಸಲ ಇನ್ನೊಬ್ಬ, ಮಣ್ಣಿನ ಮೈಯಲ್ಲಿ ಬಿರುಕು ಹರಿಯುವುದನ್ನು ಕಂಡ. ಎರಡು ಗಂಟೆಯ ಬಿಸಿಲು ಹತ್ತು ಸೆಕೆಂಡಿನಲ್ಲಿ ಕಣ್ಣಿಗೆ ಬಿತ್ತು. ನೆರಳು ಬಿಡಿಸುವ ಪಾಠವನ್ನು ನಾನು ಇಪ್ಪತ್ತಮೂರು ವರ್ಷ ಕಪ್ಪುಹಲಗೆಯ ಮೇಲೆ ಮಾಡಿದ್ದೆ: ಬೆಳಕು ಇಲ್ಲಿಂದ, ನೆರಳು ಅಲ್ಲಿ. ಮಕ್ಕಳು ನಕಲು ಮಾಡುತ್ತಿದ್ದರು, ನಂಬುತ್ತಿರಲಿಲ್ಲ. ಆ ವಾರದ ನಂತರ ಅವರ ಹಾಳೆಗಳಲ್ಲಿ ನೆರಳುಗಳಿಗೆ ಹೊತ್ತು ಬಂತು. ಕೆಲವರು ಚಿತ್ರದ ಮೂಲೆಯಲ್ಲಿ 'ಬೆಳಿಗ್ಗೆ 9', 'ಮಧ್ಯಾಹ್ನ 12' ಎಂದು ಬರೆಯತೊಡಗಿದರು. ಆ 120 ಫೋಟೋಗಳನ್ನು ಅವರು ತಾವಾಗಿಯೇ ಚಲನಚಿತ್ರದ ಬೆನ್ನು ಎಂದು ಕರೆದರು.

ಕೊರೊನಾದ ಎರಡು ವರ್ಷಗಳ ಬಗ್ಗೆ ಹೆಚ್ಚು ಬರೆಯಲಾರೆ. ಫೋನಿದ್ದ ಮನೆಗಳು, ಫೋನಿಲ್ಲದ ಮನೆಗಳು ಎಂದು ತರಗತಿ ಸೀಳಿಹೋಯಿತು. ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಯೋಜನೆಯ ದಿನಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಪಾಠ ಮಾಡಿದೆವು. ಒಂದು ಪಾಠ ಮಾತ್ರ ನೆನಪಿನಲ್ಲಿ ಹೊಳೆಯುತ್ತದೆ. ನಾಲ್ಕು ಮಕ್ಕಳಿಗೆ ಒಂದೇ ಫೋನ್. ಪರದೆಯ ಮೇಲೆ ಬಿಳಿ ಚಿತ್ರ ತೆರೆದು, ಬೆರಳು ಅದ್ದಿ ಒಂದು ಸಣ್ಣ ಹನಿ ನೀರು ಇಟ್ಟು ಹತ್ತಿರದಿಂದ ನೋಡಿ ಎಂದೆ. ಹನಿ ಭೂತಗನ್ನಡಿಯಾಗಿ ಕೆಂಪು, ಹಸಿರು, ನೀಲಿ ಗೆರೆಗಳು ಕಂಡವು. "ಬಿಳಿಯೊಳಗೆ ಬಿಳಿಯೇ ಇಲ್ಲ!" ಎಂದು ಒಬ್ಬಳು ಕಿರುಚಿದಳು. ಹಳದಿ ತೆರೆದೆವು: ಕೆಂಪು, ಹಸಿರು ಮಾತ್ರ. ಕುಂಚದಲ್ಲಿ ಕೆಂಪು ಹಸಿರು ಕಲಸಿದರೆ ಕೆಸರು ಬಣ್ಣ ಬರುತ್ತದೆ, ಬೆಳಕಿನಲ್ಲಿ ಹಳದಿ ಬರುತ್ತದೆ. ಆ ನಾಲ್ವರೂ ಅದನ್ನು ಇನ್ನು ಮರೆಯುವುದಿಲ್ಲ.

ಕೊನೆಯ ಪರೀಕ್ಷೆ 2024ರ ಅಕ್ಟೋಬರಿನಲ್ಲಿ ಬಂತು. ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿದ ಸಂದರ್ಭ. ಶಾಲೆಯಲ್ಲಿ ರಾಣಿ ಚೆನ್ನಮ್ಮನ ಚಿತ್ರ ಬಿಡಿಸುವ ಸ್ಪರ್ಧೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಣ್ಣದ ಮುದ್ರಣ ತಂದುಕೊಟ್ಟ. ಕುದುರೆ, ಮಿಂಚು, ಹಾರುವ ಸೆರಗು. ದೂರದಿಂದ ನೋಡಿದವರೆಲ್ಲ ಬೆರಗಾದರು. ಕೃತಕ ಬುದ್ಧಿಮತ್ತೆಗೆ ಒಂದು ಸಾಲು ಬರೆದು ಪಡೆದ ಚಿತ್ರ ಎಂದು ಅವನೇ ಮುಚ್ಚುಮರೆಯಿಲ್ಲದೆ ಹೇಳಿದ. ನಾನು ಬೈಯಲಿಲ್ಲ. "ಇದರ ಬೆನ್ನು ತೋರಿಸು" ಎಂದೆ. ಅವನು ಆ ಒಂದು ಸಾಲನ್ನು ಫೋನಿನಲ್ಲಿ ತೋರಿಸಿ ಸುಮ್ಮನಾದ. ತೋರಿಸಲು ಬೇರೇನೂ ಇರಲಿಲ್ಲ.

ಇಬ್ಬರೂ ಕುಳಿತು ಆ ಚಿತ್ರವನ್ನು ಹಿಗ್ಗಿಸಿ ನೋಡಿದೆವು. ಕತ್ತಿಯ ಹಿಡಿ ಅಂಗೈಯಲ್ಲಿ ಕರಗಿಹೋಗಿತ್ತು. ಬೆರಳುಗಳು ಆರು. ಸೀರೆ ನಮ್ಮ ಕಡೆಯ ಕಚ್ಚೆಯದಲ್ಲ, ಎಲ್ಲಿಯದೋ ಮುಸುಕು. ನಿಮ್ಮ ಅವ್ವ ಕೈಯೆತ್ತಿ ನಿಂತರೆ ಹೇಗೆ ಕಾಣುತ್ತಾರೆ, ನೋಡಿಕೊಂಡು ಬಾ ಎಂದು ಕಳಿಸಿದೆ. ಮರುದಿನ ಅವನು ಹದಿನೇಳು ಫೋಟೋ ತಂದ. ಹಿತ್ತಲಲ್ಲಿ ಅವನ ಅವ್ವ ಬಡಿಗೆಯನ್ನು ಕತ್ತಿಯಂತೆ ಎತ್ತಿ ಹಿಡಿದಿದ್ದರು. ಮೊದಲ ಫೋಟೋಗಳಲ್ಲಿ ನಗು, ಕೊನೆಯವುಗಳಲ್ಲಿ ನಿಜವಾದ ಬಿಗುವು. "ಮೇಡಂ, ಕೈ ಎತ್ತಿದ ಕೂಡಲೇ ಸೆರಗು ಜಾರುತ್ತದೆ. ಅವ್ವ ಅದನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡ ಮೇಲೆಯೇ ಸರಿಯಾಗಿ ನಿಲ್ಲಲು ಬಂದದ್ದು" ಎಂದ. ಯುದ್ಧಕ್ಕೆ ಹೊರಟ ಹೆಣ್ಣಿನ ಸೆರಗು ಗಾಳಿಯಲ್ಲಿ ಹಾರುವುದಿಲ್ಲ ಎಂದು ಅವನಿಗೆ ಅವತ್ತು ಗೊತ್ತಾಯಿತು. ಪೆನ್ಸಿಲ್ಲಿನಲ್ಲಿ ಬಿಡಿಸಿ ತಂದ ಚೆನ್ನಮ್ಮನಿಗೆ ಅವನ ಅವ್ವನ ಮೊಣಕೈ ಇತ್ತು. ಗೆರೆ ಒರಟು. ಬಹುಮಾನ ಬರಲಿಲ್ಲ. ನಾನು ತೀರ್ಪುಗಾರಳಾಗಿರಲಿಲ್ಲ.

ಆ ತಂತ್ರವನ್ನು ಶಾಲೆಯಿಂದ ಓಡಿಸಬೇಕು ಎನ್ನುವವಳಲ್ಲ ನಾನು. ಓಡಿಸಲು ಆಗುವುದೂ ಇಲ್ಲ. ಅದು ಕೊಟ್ಟ ಚಿತ್ರಗಳಲ್ಲಿ ತಪ್ಪು ಹುಡುಕುವ ಪಾಠವನ್ನು ಕೊನೆಯ ಆರು ತಿಂಗಳು ಮಾಡಿಸಿದೆ. ಕೈ, ಗಂಟು, ನೆರಳು, ಉಡುಗೆ ಇವನ್ನು ಒಮ್ಮೆಯಾದರೂ ತಾವೇ ಬಿಡಿಸಿ ಒದ್ದಾಡಿದವರಿಗೆ ತಪ್ಪುಗಳು ಥಟ್ಟನೆ ಕಂಡವು. ಉಳಿದವರಿಗೆ ಎಲ್ಲವೂ ಚೆಂದವಾಗಿಯೇ ಕಂಡವು.

ಶಾಲೆಗೆ ಸೇರಿಸುವಾಗ ಮಾಸ್ತರರು ಬರೆಸಿಕೊಂಡ ಜೂನ್ 1ರ ಹುಟ್ಟಿದ ದಿನದ ಲೆಕ್ಕದಲ್ಲಿ 2025ರ ಮೇ 31ಕ್ಕೆ ನನ್ನ ನೌಕರಿ ಮುಗಿಯಿತು. ಶನಿವಾರ, ಅರ್ಧ ದಿನದ ಶಾಲೆ. ಮಧ್ಯಾಹ್ನ ಕಂಪ್ಯೂಟರ್ ಕೋಣೆಯ ಕೀಲಿ ಹಿಂದಿರುಗಿಸಿ ಬಂದೆ.

ಈಗ ಮಾಡುತ್ತಿರುವ ಕೆಲಸ ಒಂದೇ. ಅಪ್ಪ 2016ರಲ್ಲಿ ತೀರಿಕೊಂಡರು. ಅವರ ಅಕ್ಷರಗಳು ಗದಗ, ಬೆಟಗೇರಿಯ ಹಳೆಯ ಗೋಡೆಗಳ ಮೇಲೆ, ಅಂಗಡಿಗಳ ಶಟರುಗಳ ಮೇಲೆ, ಒಂದೆರಡು ಹಿಟ್ಟಿನ ಗಿರಣಿಗಳಲ್ಲಿ ಇನ್ನೂ ಇವೆ. ಹುಬ್ಬಳ್ಳಿಯಲ್ಲಿ ವಿನ್ಯಾಸದ ಕೆಲಸ ಮಾಡುವ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆ ಸಿಕ್ಕಾಗ ಬರುತ್ತಾಳೆ. ಇಬ್ಬರೂ ಫೋಟೋ ತೆಗೆದು, ಒಂದೊಂದು ಅಕ್ಷರವನ್ನೂ ಚುಕ್ಕಿ ನೆಟ್ಟು ಎಬ್ಬಿಸುತ್ತಿದ್ದೇವೆ. ಹತ್ತಿರದಿಂದ ನೋಡಿದರೆ ಎನಾಮಲ್ ಒಂದರ ಮೇಲೊಂದು ಹತ್ತಿದ ಕಡೆ ದಪ್ಪವಾಗಿದೆ. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ಅದರಲ್ಲೇ ತಿಳಿಯುತ್ತದೆ. ಇಡೀ ವರ್ಣಮಾಲೆ, ಎಲ್ಲ ಒತ್ತುಗಳು ಸಿಕ್ಕಿದರೆ ಯಾರು ಬೇಕಾದರೂ ಬಳಸುವಂಥ ಅಕ್ಷರಶೈಲಿಯಾಗಿ ಬಿಡುಗಡೆ ಮಾಡುವ ಆಸೆ.

'ಘ' ಸುಲಭವಾಗಿ ಸಿಕ್ಕಿತು, ಹಳ್ಳಿಗೊಂದು ಸಹಕಾರ ಸಂಘವಿದೆ. 'ಝ' ಒಂದು ಝೆರಾಕ್ಸ್ ಅಂಗಡಿಯ ಮೇಲೆ ಸಿಕ್ಕಿತು. 'ಢ' ಮಾತ್ರ ಎಲ್ಲಿಯೂ ಇರಲಿಲ್ಲ. ಮೊನ್ನೆ ಹುಬ್ಬಳ್ಳಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ, ಮುಚ್ಚಿಹೋದ ಢಾಬಾ ಒಂದರ ಪಕ್ಕದ ಗೋಡೆಯ ಮೇಲೆ ಅದು ಕಣ್ಣಿಗೆ ಬಿತ್ತು, ಅದೇ ತುಂಬು ಹೊಟ್ಟೆ. ಗೋಡೆಯ ಅರ್ಧಕ್ಕೆ ಆಗಲೇ ಹೊಸ ಸುಣ್ಣ ಬಳಿದಿದ್ದಾರೆ. ಅವಳಿಗೆ ಫೋನ್ ಮಾಡಿದ್ದೇನೆ. ಭಾನುವಾರದವರೆಗೆ ಕಾಯುವುದು ಬೇಡ ಮೇಡಂ, ನಾಳೆಯೇ ರಜೆ ಹಾಕಿ ಬರುತ್ತೇನೆ ಎಂದಿದ್ದಾಳೆ.